ಹಾಲಿಗೂ ಬಿಡದ ಬಣ್ಣ

ಶ್ರೀಖಂಡ ಮಾಡುವುದರಲ್ಲಿ ಬನಹಟ್ಟಿಯಿಂದ ಜಮಖಂಡಿಯವರೆಗೆ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ನಮ್ಮ ಮನೆಯವರು ಶ್ರೀಖಂಡ ತಿನ್ನುವಾಗ ಮಾತಾಡುವುದಿಲ್ಲ, ತಿಂದಾದ ಮೇಲೆ ಮಲಗಿಬಿಡುತ್ತಾರೆ. ಹೊಗಳಲು ಅವರಿಗೆ ವೇಳೆಯೇ ಸಿಗುವುದಿಲ್ಲ. ಉಳಿದ ದಿನಗಳಲ್ಲಿ ಅಡಿಗೆಮನೆಯಲ್ಲಿ ನನಗೆ ಕವಡೆ ಕಿಮ್ಮತ್ತಿಲ್ಲ. ಹಾಲು ನೋಡಿಕೋ ಎಂದು ನಿಲ್ಲಿಸಿದರೆ ಅದು ಉಕ್ಕುವುದನ್ನೇ ನೋಡುತ್ತ ನಿಂತವನು ನಾನು. ಆದರೆ ಯುಗಾದಿ ಪಾಡ್ಯದ ಹಿಂದಿನ ಸಂಜೆ ನನ್ನ ಹೆಂಡತಿ ಮೊಸರಿನ ಗಡಿಗೆಯನ್ನು ನನ್ನ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ನಡೆಯುತ್ತಾಳೆ. ಅಲ್ಲಿಂದ ಮರುದಿನದ ಊಟದವರೆಗೆ ನನ್ನದೇ ರಾಜ್ಯ.

ಈ ರಾಜ್ಯದಲ್ಲಿ ಒಂದೇ ಕಾಯಿದೆ. ಮೊಸರನ್ನು ಅರಿವೆಯಲ್ಲಿ ಕಟ್ಟುವಾಗ ಬಾಗಿಲಲ್ಲಿ ಯಾರೂ ನಿಲ್ಲಬಾರದು. ಮೊಮ್ಮಕ್ಕಳು ಇದನ್ನು ಕಸಬಿನ ಗುಟ್ಟೆಂದು ತಿಳಿದಿದ್ದಾರೆ, ಸೊಸೆ ಮುದುಕನ ಹುಚ್ಚೆಂದು ತಿಳಿದಿದ್ದಾಳೆ. ಎರಡೂ ಅಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ, ಆದರೆ ಸ್ವಲ್ಪ ತಾಳ್ಮೆ ಬೇಕು. ಅವಸರದವರಿಗೆ ಶ್ರೀಖಂಡವೂ ಆಗಿಬರುವುದಿಲ್ಲ, ನನ್ನ ಮಾತೂ ಆಗಿಬರುವುದಿಲ್ಲ.

ಶ್ರೀಖಂಡ ಯಾರದು ಎಂಬ ಬಗ್ಗೆ ನಮ್ಮ ಕಡೆ ಹಳೆಯ ತಕರಾರಿದೆ. ಮನೆಯಲ್ಲಿ ಮರಾಠಿ ಆಡುವವರು ಅದು ತಮ್ಮದೆನ್ನುತ್ತಾರೆ. ಅದಕ್ಕೆ ಹಾಕುವ ಮೊಸರು ಕನ್ನಡದ ಎಮ್ಮೆಯದು ಎಂದು ನಾವು ವಾದಿಸುತ್ತೇವೆ. ತಂಟೆ ಬಗೆಹರಿಸಲು ನಾನೊಮ್ಮೆ ಸಂಸ್ಕೃತ ನಿಘಂಟು ತೆಗೆದು ನೋಡಿದೆ. ಅದರಲ್ಲಿ ಶ್ರೀಖಂಡವೆಂದರೆ ಶ್ರೀಗಂಧದ ಕಟ್ಟಿಗೆ ಎಂದಿತ್ತು. ರಟ್ಟೆ ಸೋಲುವ ತನಕ ತಿಕ್ಕಬೇಕಾದದ್ದು ಎರಡಕ್ಕೂ ತಪ್ಪಿದ್ದಲ್ಲವಾದ್ದರಿಂದ, ಅಷ್ಟರ ಮಟ್ಟಿಗೆ ನಿಘಂಟು ಸರಿಯೇ ಎಂದುಕೊಂಡು ಮುಚ್ಚಿಟ್ಟೆ. ನಾನು ಹೇಳುವ ಕಾಲಕ್ಕೆ ನಾವು ಮುಂಬೈ ರಾಜ್ಯದವರು. ಸಂಸ್ಥಾನ ಹೋಗಿ ಮುಂಬೈ ಬಂದಿತ್ತು, ಆಮೇಲೆ ಮೈಸೂರು ಬಂತು. ರಾಜ್ಯಗಳು ನಮ್ಮನ್ನು ಕೇಳದೆ ಬಂದು ಹೋದವು, ಶ್ರೀಖಂಡ ಮಾತ್ರ ಪಾಡ್ಯಕ್ಕೆ ತಪ್ಪದೆ ಬಂತು.

ತಪ್ಪಿದ್ದು ಒಂದೇ ವರ್ಷ. ಅದನ್ನು ತಪ್ಪಿಸಿದವಳು ನನ್ನ ತಂಗಿ ಕಾಶವ್ವ ಎಂದು ಮನೆಮಂದಿಯೆಲ್ಲ ಇಂದಿಗೂ ನಗುತ್ತಾರೆ.

ಅದಕ್ಕೆ ಮೊದಲು ಅರಿವೆಯ ಮಾತು. ಶ್ರೀಖಂಡದ ಜೀವ ಮೊಸರಿನಲ್ಲಿಲ್ಲ, ಅದನ್ನು ಕಟ್ಟುವ ಅರಿವೆಯಲ್ಲಿದೆ. ಬಿಳಿ ಧೋತರದ ತುಂಡೇ ಆಗಬೇಕು. ಅದೂ ಒಗೆದು ಒಗೆದು ಗಂಜಿಯೆಲ್ಲ ಬಿಟ್ಟುಹೋಗಿ ಮೆತ್ತಗಾಗಿರಬೇಕು. ಅಂಥದರಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದರೆ ಬೆಳಗಾಗುವುದರೊಳಗೆ ನೀರೆಲ್ಲ ಸೋರಿ ಗಟ್ಟಿ ಚಕ್ಕಾ ಉಳಿಯುತ್ತದೆ. ಆದರೆ ಊರಿಗೆಲ್ಲ ಬಟ್ಟೆ ಕೊಡುವ ನೇಕಾರರ ಮನೆಯಲ್ಲಿ ಈ ಹಳೆಯ ಅರಿವೆಯೇ ಸಿಗುವುದಿಲ್ಲ. ನೆಯ್ದದ್ದು ಹೊಸದಾಗಿಯೇ ಮಾರಿ ಹೋಗುತ್ತದೆ. ಉಟ್ಟದ್ದು ಸ್ವಲ್ಪ ಪಿಸಿದರೆ ಸಾಕು, ಮಗ್ಗ ಒರೆಸಲು ಹೋಗುತ್ತದೆ. ನಡುವಯಸ್ಸಿನ ಬಟ್ಟೆ ನಮ್ಮಲ್ಲಿ ಇರುವುದೇ ಇಲ್ಲ.

ಅಪ್ಪ ಸೀರೆ ನೇಯುತ್ತಿದ್ದ. ಬನಹಟ್ಟಿಯಲ್ಲಿ ಸೀರೆ ನೇಯುವವರಿಗೇನು ಬರವಿರಲಿಲ್ಲ, ಆದರೆ ಅಪ್ಪನ ಹೆಮ್ಮೆ ತನ್ನ ಕೆಂಪು ಬಣ್ಣದ ಮೇಲೆ. ಗಿರಾಕಿ ಬಂದು ಸೆರಗು ಮುಟ್ಟಿದರೆ ಸಾಕು, ಎಡಗೈಯಿಂದ ಮೀಸೆ ಒರೆಸಿಕೊಂಡು, "ನೀರಾಗ ಹಾಕ್ರಿ, ಹಾಲಾಗ ಅದ್ರಿ. ಹಾಲು ಬೆಳ್ಳಗ ಇರತೈತಿ, ಸೀರಿ ಕೆಂಪಗ ಇರತೈತಿ. ನಮ್ಮ ಬಣ್ಣ ಬಿಡಾಂಗಿಲ್ಲ" ಎನ್ನುತ್ತಿದ್ದ. ಈ ಮಾತು ದಿನಕ್ಕೆ ಎರಡು ಸಲ ಕೇಳಿ ನಾವು ಬೆಳೆದೆವು. ಹಾಲಿನಲ್ಲಿ ಸೀರೆ ಅದ್ದಿ ನೋಡುವ ಶ್ರೀಮಂತ ಗಿರಾಕಿ ಯಾರೂ ಬರಲಿಲ್ಲ, ಹೀಗಾಗಿ ಮಾತಿಗೆ ಧಕ್ಕೆ ಬಂದಿರಲಿಲ್ಲ.

ಕಾಶಿಗೆ ಆಗ ಹತ್ತು ವರ್ಷ, ನನಗೆ ಹದಿಮೂರು. ಅವಳ ನಾಲ್ಕನೇ ಇಯತ್ತೆ ಮುಗಿಯುತ್ತ ಬಂದಿತ್ತು. ಹುಡುಗಿಗೆ ಇಷ್ಟು ಸಾಕು, ಇನ್ನು ಮನೆಯಲ್ಲಿ ಕೂತು ಕಂಡಿಕೆ ಸುತ್ತಲಿ ಎಂದು ಅಪ್ಪನ ವಿಚಾರ. ಕಂಡಿಕೆಯೆಂದರೆ ಲಾಳಿಯೊಳಗೆ ಕೂಡ್ರಿಸುವ ನೂಲಿನ ಸುರುಳಿ. ನೇಯುವವನೊಬ್ಬ ಕೂತರೆ ಅದನ್ನು ಸುತ್ತಿಕೊಡುವವರೊಬ್ಬರು ಕೂಡಲೇಬೇಕು. ಕಾಶಿಗೆ ಓದುವ ಹುಚ್ಚು. ಕಿರಾಣಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದಳು. ಸಾಲಿಯ ಮಾಸ್ತರರು ಎರಡು ಸಲ ಮನೆಗೆ ಬಂದು, ಮುಂದೆ ಕಳಿಸಿರಿ ಎಂದು ಹೇಳಿ ಹೋಗಿದ್ದರು. ಮೂರನೆಯ ಸಲ ಬಂದಾಗ ಅಪ್ಪ, "ಪಾಡ್ಯಾಕ ಊಟಕ್ಕ ಬರ್ರಿ ಮಾಸ್ತರ, ಉಂಡು ಮಾತಾಡೂಣು" ಎಂದ. ಅಂದರೆ ಕಾಶಿಯ ಸಾಲಿ ಆ ಊಟದ ಮೇಲೆ ನಿಂತಿತು. ಕಾಶಿ ಹಾಗೆಯೇ ತಿಳಿದುಕೊಂಡಳು.

ಇಲ್ಲಿ ನನ್ನದೂ ಒಂದು ಲೆಕ್ಕವಿತ್ತು. ಕಾಶಿ ಮುಂದೆಯೂ ಸಾಲಿಗೆ ಹೋದರೆ ಕಂಡಿಕೆ ಸುತ್ತುವವರು ಯಾರು? ಮುಂಜಾನೆ ಸಾಲಿಗೆ ಹೋಗುವ ಮೊದಲು ನಾನು, ಸಂಜೆ ಬಂದ ಮೇಲೆ ನಾನು. ಹಾಗಾದರೆ ಚಿಣಿಪಣಿ ಆಡುವವರು ಯಾರು? ನಾನಿಲ್ಲದಿದ್ದರೆ ನಮ್ಮ ಓಣಿಯ ತಂಡ ಮುಳುಗಿಹೋಗುತ್ತದೆಂದು ನನ್ನ ಬಲವಾದ ನಂಬಿಕೆ. (ಆಮೇಲೆ ತಿಳಿಯಿತು, ನಾನು ಹೋಗುವುದನ್ನು ಬಿಟ್ಟ ಮೇಲೆ ಅವರು ಗೆಲ್ಲತೊಡಗಿದರಂತೆ.)

ಪಾಡ್ಯದ ಹಿಂದಿನ ದಿನ ಅವ್ವನಿಗೆ ಚಳಿಜ್ವರ. ಹೊದ್ದು ಮಲಗಿದಲ್ಲಿಂದಲೇ, "ಮಸರು ಕಟ್ಟಬೇ ಕಾಶೀ, ಹಳೇ ಧೋತರದ ತುಂಡು ಟ್ರಂಕಿನಾಗ ಐತಿ" ಎಂದಳು. ಟ್ರಂಕಿನಲ್ಲಿರಲಿಲ್ಲ. ಆ ವಾರವಷ್ಟೇ ಅಪ್ಪ ಅದನ್ನು ಹರಿದು ಮಗ್ಗಕ್ಕೆ ಎಣ್ಣೆ ಒರೆಸಿದ್ದ. ಕಾಶಿ ಮನೆಯೆಲ್ಲ ಹುಡುಕಿದಳು. ಕೊನೆಗೆ ಅವಳ ಕಣ್ಣಿಗೆ ಬಿದ್ದದ್ದು ಮಗ್ಗದ ಹತ್ತಿರ ಮಡಿಸಿಟ್ಟ ಕೆಂಪು ಸೆರಗಿನ ತುಂಡು. ಹೊಸ ನೂಲು ತಂದು ಅಪ್ಪ ನೆಯ್ದು ನೋಡಿದ ಮಾದರಿ, ಇನ್ನೂ ನೀರು ಕಂಡಿರಲಿಲ್ಲ. ಕಾಶಿ ಅದನ್ನು ಎರಡೂ ಕೈಯಲ್ಲಿ ತಂದು ಬೋಗುಣಿಯ ಮೇಲೆ ಹಾಸಿದಳು. ಅವಳ ಮುಖದಲ್ಲಿ ಯಾವ ಅನುಮಾನವೂ ಇರಲಿಲ್ಲ. ಮಾಸ್ತರರು ಬರುವವರು, ಮನೆಯ ಎಲ್ಲಕ್ಕಿಂತ ಛಲೋ ಅರಿವೆಯಲ್ಲೇ ಮೊಸರು ಕಟ್ಟಬೇಕು!

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹೊಸ ನೂಲಿನ ಕಂಡಿಕೆ ಸುತ್ತಿದವನು ನಾನೇ. ಸುತ್ತಿದ ದಿನ ನನ್ನ ಅಂಗೈ ಕೆಂಪಾಗಿತ್ತು, ಎರಡು ಸಲ ತೊಳೆದರೂ ಹೋಗಿರಲಿಲ್ಲ. ಈ ಬಣ್ಣ ಕಚ್ಚಾ, ಬಿಡುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ತೆರೆದರೆ ಸಾಕಿತ್ತು. ನಾನು ಚಿಣಿಪಣಿಯನ್ನು ನೆನೆದೆ, ಬಾಯಿ ಮುಚ್ಚಿಕೊಂಡು ನಿಂತೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದಿದ್ದರೂ ಹೋಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಗೂಟದ ಕೆಳಗಿನ ಬೋಗುಣಿಯಲ್ಲಿ ದಾಸವಾಳದ ಬಣ್ಣದ ನೀರು ನಿಂತಿತ್ತು. ಗಂಟು ಬಿಚ್ಚಿದರೆ ಚಕ್ಕಾ ಅಂಚಿನಲ್ಲೆಲ್ಲ ಕೆಂಪು, ಒಳಗೆ ಗುಲಾಬಿ. ಅಪ್ಪ ಆಗತಾನೆ ಜಳಕ ಮಾಡಿ ಶುಭ್ರ ಧೋತರ ಉಟ್ಟು ಬಂದಿದ್ದ. ನೋಡಿದವನೇ ಗುಡುಗಿದ: "ನೇಕಾರನ ಮಗಳಾಗಿ ಯಾವ ಅರಿವಿ ಯಾತಕ್ಕ ಅನ್ನೂದು ತಿಳೀಲಿಲ್ಲೇನು ನಿನಗ?"

ಕಾಶಿ ಅಳಲಿಲ್ಲ. ಅಪ್ಪನ ಮುಖವನ್ನೇ ನೋಡಿ ಕೇಳಿದಳು: "ಹಾಲಾಗ ಅದ್ದಿದ್ರೂ ಬಿಡಾಂಗಿಲ್ಲ ಅಂತ ನೀನ ಹೇಳತಿದ್ದೆಲ್ಲಪಾ. ಹಾಲಿಗೇ ಬಿಡದ ಬಣ್ಣ ಮಸರಿಗೆ ಹೆಂಗ ಬಿಟ್ಟಿತು?"

ಅಪ್ಪ ಆ ತುಂಡನ್ನು ಕೈಗೆತ್ತಿಕೊಂಡ. ಆಮೇಲೆ ನೇಕಾರರು ಬಣ್ಣ ಪರೀಕ್ಷೆ ಮಾಡುವ ಹಾಗೆ ಅದರ ಮೂಲೆಯನ್ನು ತನ್ನ ಬಿಳಿ ಧೋತರದ ಮೇಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದ. ತೊಡೆಯ ಮೇಲೆ ಉದ್ದಕ್ಕೆ ಕೆಂಪು ಗೀರು ಬಿತ್ತು. ನೂಲು ತಂದ ದಿನವೇ ಮಾಡಬೇಕಾಗಿದ್ದ ಪರೀಕ್ಷೆ. ತನ್ನ ಮಾತನ್ನು ತಾನೇ ಕೇಳಿ ಕೇಳಿ ಅವನಿಗೆ ಅದರ ಅಗತ್ಯ ಕಂಡಿರಲಿಲ್ಲ.

ಅದೇ ಧೋತರದಲ್ಲಿ ಅಪ್ಪ ಮಾಸ್ತರರಿಗೆ ಬಡಿಸಿದ. ಶ್ರೀಖಂಡದ ಬದಲು ಚಪಾತಿಗೆ ಬೆಲ್ಲ, ತುಪ್ಪ. ಗೀರು ಕಂಡು ಅವರು ಹುಬ್ಬೇರಿಸಿದಾಗ ಅಪ್ಪ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಕೊನೆಗೆ ಅಂದ: "ಹುಡುಗಿನ್ನ ಕಳಸ್ತೀನ್ರಿ ಮಾಸ್ತರ. ನನ್ನ ಮಾತು ನಂಬಿ ಕೆಟ್ಟಾಳ. ಇನ್ನರ ನಾಕು ಅಕ್ಷರ ಕಲತು, ನೋಡಿ ನಂಬಲಿ." ಜ್ವರದಲ್ಲಿ ಮಲಗಿದ್ದ ಅವ್ವ ಎದ್ದು ಕೂತಳು. ಆ ದಿನವೇ ಅಪ್ಪ ಆ ನೂಲನ್ನು ಮಗ್ಗದಿಂದ ಇಳಿಸಿದ. ಮುಂದೆ ಗಿರಾಕಿಗಳಿಗೆ ಹಾಲಿನ ಮಾತು ಹೇಳಲಿಲ್ಲ, "ಒಮ್ಮಿ ಒಗದು ನೋಡ್ರಿ" ಎನ್ನುತ್ತಿದ್ದ.

ಕಾಶಿ ಓದಿದಳು, ಮುಧೋಳದಲ್ಲಿ ಸಾಲಿಯ ಶಿಕ್ಷಕಿಯಾದಳು, ಊರ ಅರ್ಧ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದಳು. ನಾನು ಕಂಡಿಕೆ ಸುತ್ತಿದೆ. ಸುತ್ತಿ ಸುತ್ತಿ ಕೊನೆಗೆ ಮಗ್ಗಕ್ಕೇ ಕೂತೆ, ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಿದ್ದದ್ದು ಬಾಗಿಲಲ್ಲಿ ನಿಂತ ಆ ಹುಡುಗನ ಬಗ್ಗೆ. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಎಷ್ಟು ಸಮಾಧಾನ ಹೇಳಿದರೂ ಅವನು ಅಲ್ಲಿಂದ ಕದಲಲಿಲ್ಲ. ಆ ಒಳ್ಳೆಯದು ನನ್ನಿಂದ ಆದದ್ದಲ್ಲವಲ್ಲ. ಹಾಗೆಂದೇ ಪ್ರತಿ ಪಾಡ್ಯಕ್ಕೆ ನನ್ನ ಕೈಯಾರೆ ಶ್ರೀಖಂಡ ಮಾಡಿ ಅವಳಿಗೆ ಬಡಿಸುವ ಪದ್ಧತಿ ಹಿಡಿದೆ, ಬಾಗಿಲಲ್ಲಿ ಯಾರೂ ನಿಲ್ಲಬಾರದೆಂಬ ಕಾಯಿದೆಯೂ ಆಗಲೇ ಹುಟ್ಟಿತು. ಅಣ್ಣನ ಪ್ರೀತಿ ಎಂದು ನೆಂಟರು ಕೊಂಡಾಡಿದರು. ನಾನು ಕೊಂಡಾಡಿಸಿಕೊಂಡೆ.

ಹೋದ ವರ್ಷ, ಇಬ್ಬರ ತಲೆಯೂ ಚಕ್ಕಾದಷ್ಟು ಬೆಳ್ಳಗಾದ ಮೇಲೆ, ಅವಳ ಬಟ್ಟಲಿಗೆ ಎರಡನೆಯ ಸಲ ಹಾಕುತ್ತ ಹೇಳಿಯೇಬಿಟ್ಟೆ. "ಕಾಶೀ, ಆ ಬಣ್ಣ ಬಿಡತೈತಿ ಅನ್ನೂದು ನನಗ ಗೊತ್ತಿತ್ತು. ಬಾಗಲಾಗ ನಿಂತು ನೋಡಾಕತ್ತಿದ್ದೆ."

ಅವಳು ಬೆರಳು ನೆಕ್ಕಿ, ನಿಧಾನವಾಗಿ ಅಂದಳು: "ನೀ ನಿಂತಿದ್ದು ನನಗ ಕಂಡಿತ್ತಣ್ಣಾ. ಅದಕ್ಕಽ ಧೈರ್ಯಲೆ ಕಟ್ಟಿದೆ. ತಪ್ಪಿದ್ರ ಅಣ್ಣ ಹೇಳತಿದ್ದ ಅಂತ."

ಶ್ರೀಖಂಡದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದೆನಲ್ಲ, ಆ ದಿನ ನನ್ನ ಬಟ್ಟಲಲ್ಲಿದ್ದದ್ದನ್ನು ನಾನೇ ತಿನ್ನದೆ ಬದಿಗೆ ಸರಿಸಿದೆ. ಅವಳು ಅಪ್ಪನ ಮಾತನ್ನಷ್ಟೇ ನಂಬಿ ಕೆಟ್ಟವಳಲ್ಲ, ನನ್ನ ಮೌನವನ್ನೂ ನಂಬಿದ್ದಳು. ಅಪ್ಪನಾದರೂ ತನ್ನ ಪಾಲನ್ನು ಅದೇ ದಿನ ಮಾಸ್ತರರ ಮುಂದೆ ಒಪ್ಪಿಕೊಂಡಿದ್ದ. ನನಗೆ ಅರವತ್ತು ವರ್ಷ ಹಿಡಿಯಿತು. ಕಾಶಿ ಮಾತ್ರ ಏನೂ ಆಗದವಳಂತೆ ನನ್ನ ಬಟ್ಟಲನ್ನೂ ತನ್ನ ಕಡೆ ಎಳೆದುಕೊಂಡು ಮುಗಿಸಿ, ಗೋಡೆಗೆ ಒರಗಿ ನಿದ್ದೆ ಹೋದಳು.

ಈ ವರ್ಷ ಅವಳು ಹಿಂದಿನ ದಿನವೇ ಮುಧೋಳದ ಬಸ್ಸಿನಿಂದ ಇಳಿದಳು. ಸಂಜೆ ನಾನು ಹಳೆಯ ಬಿಳಿ ಧೋತರ ಹಾಸಿ ಮೊಸರು ಸುರಿದು ಗಂಟು ಹಾಕುವಾಗ ಹಿಂದೆ ಬಳೆಯ ಸಪ್ಪಳವಾಯಿತು. ಕಾಯಿದೆ ಮುರಿದವರು ಯಾರೆಂದು ತಿರುಗಿದರೆ ಕಾಶಿ, ಬಾಗಿಲಿಗೆ ಕೈಕೊಟ್ಟು ನಿಂತಿದ್ದಾಳೆ.

"ನೀ ಕಟ್ಟಣ್ಣಾ" ಎಂದಳು, "ತಪ್ಪಿದ್ರ ನಾ ಹೇಳತೀನಿ."

ನಾನು ಕಟ್ಟಿದೆ. ಅವಳು ಹೇಳಿದಳು. ಗಂಟು ಸಡಿಲಾಗಿದೆಯಂತೆ.