ಅರಮನೆ ದಾರಿಯ ಕ್ವಿರಿನ್ ಒಳಗೆ ಹೋದ ದಿನ

"ನೋಡ್ರೋ, ಲದ್ದಿ ಬಾಚೋನು ಇವತ್ತು ರಾಜನ ಮನೆಗೆ ನೆಂಟನಾಗಿ ಹೊರಟವ್ನೆ. ಬಾಗಿಲಲ್ಲೇ ಮೂಸಿ ನೋಡಿ ವಾಪಸ್ ಕಳಿಸ್ತಾರೆ ಬಿಡಿ."

ಕುದುರೆಗಾಡಿ ಓಡಿಸುವ ಸಿಕ್ಸ್ಟುಸ್ ಹೀಗೆ ಹೇಳುವಾಗ ಲಾಯದ ಅಂಗಳದಲ್ಲಿ ಗಾಡಿಯವರೆಲ್ಲ ಸೇರಿದ್ದಾರೆ. ಬೆಳಗಿನ ಚಳಿಯಲ್ಲಿ ಮೊದಲ ಗಾಡಿಗೆ ಕಾದು ನಿಂತ ಪ್ರವಾಸಿಗರೂ ಇದ್ದಾರೆ. ಗಾಡಿಯವರು ನಗುತ್ತಾರೆ. ಮಾತು ತಿಳಿಯದ ಪ್ರವಾಸಿಗರು, ಅವರು ನಕ್ಕರಲ್ಲ ಎಂದು ತಾವೂ ನಗುತ್ತಾರೆ. ಕ್ವಿರಿನ್ ಹಾಸ್ಲರ್ ಒಬ್ಬರೇ ತಲೆ ಎತ್ತದೆ ಸಲಿಕೆ ತೊಳೆಯುತ್ತಿದ್ದಾರೆ. ಬೆಳಕು ಹರಿಯುವ ಮೊದಲೇ ಬೆಟ್ಟದ ದಾರಿಯನ್ನು ಮೇಲಿನಿಂದ ಕೆಳಗಿನವರೆಗೆ ಗುಡಿಸಿ ಬಂದಿದ್ದಾರೆ. ಇಡೀ ಬೇಸಿಗೆಗೆ ಇದೊಂದೇ ರಜೆ. ಆದರೂ ಗುಡಿಸಿದ್ದಾರೆ.

ಬೆಟ್ಟದ ತುದಿಯ ಆ ಬಿಳಿ ಅರಮನೆಯ ಬಗ್ಗೆ ಎಷ್ಟು ಪುಟ ಬರೆದಿದ್ದಾರೆ. ಗೋಪುರ, ಮಂಜು, ಸಿಂಹಾಸನದ ಕೋಣೆ, ರಾಜನ ನಿದ್ದೆ, ರಾಜನ ಹಲ್ಲುನೋವು. ಅಲ್ಲಿಗೆ ಹತ್ತುವ ಜನರ ಬೂಟಿಗೆ ಲದ್ದಿ ಮೆತ್ತದಂತೆ ಇಪ್ಪತ್ತು ವರ್ಷದಿಂದ ಕಾಯುತ್ತಿರುವವರ ಬಗ್ಗೆ ಒಂದು ಸಾಲಿಲ್ಲ. ನಾನು ಬರೆಯುವ ಈ ಪತ್ರಿಕೆಯಲ್ಲೂ ಇಲ್ಲ. ಸತ್ತ ರಾಜನಿಗೆ ಭಾನುವಾರದ ಪುರವಣಿ, ಬದುಕಿರುವವರಿಗೆ ಸಿಕ್ಸ್ಟುಸನ ಬಾಯಿ.

ಕ್ವಿರಿನ್ ಮೊದಲು ಮರ ಕಡಿಯುತ್ತಿದ್ದರು. ಉರುಳಿದ ದಿಮ್ಮಿಯೊಂದು ಸೊಂಟ ಮುರಿಯಿತು. ಕೋಲೂರಿ ಎದ್ದವರಿಗೆ ಸಿಕ್ಕಿದ್ದು ಈ ತಳ್ಳುಗಾಡಿ. ದಿನಕ್ಕೆ ಆರೇಳು ಗಾಡಿ ಲದ್ದಿ, ಹಬ್ಬದ ವಾರ ಅದರ ಎರಡರಷ್ಟು. "ನಂಗೆ ಬೇಜಾರಿಲ್ಲಪ್ಪ. ಕುದುರೆ ಸುಳ್ಳು ಹೇಳಲ್ಲ, ತಿಂದಿದ್ದನ್ನೇ ಹಾಕ್ತದೆ," ಎನ್ನುತ್ತಾರೆ.

ಇಷ್ಟು ವರ್ಷದಲ್ಲಿ ಅವರು ಅರಮನೆಯ ಒಳಗೆ ಕಾಲಿಟ್ಟಿಲ್ಲ. ನಮ್ಮೂರಲ್ಲಿ ಯಾರೂ ಇಟ್ಟಿಲ್ಲ. ಅದು ಹೊರಗಿನವರು ನೋಡುವ ವಸ್ತು, ನಾವು ಅದರ ಬುಡದಲ್ಲಿ ಹುಟ್ಟಿದವರು ಎಂಬ ಜಂಬ ಊರಿಗೆಲ್ಲ ಇದೆ. ಆ ಜಂಬವನ್ನು ಮುರಿದದ್ದು ಮೊಮ್ಮಗಳು ಫ್ರೋನಿ. ಏಳು ತುಂಬುವ ದಿನಕ್ಕೆ ಏನು ಬೇಕು ಎಂದು ಕೇಳಿದರೆ, ಸೈಕಲ್ ಬೇಡ, ಅರಮನೆ ಬೇಕು ಅಂದಳು. ತಾತ ಟಿಕೆಟ್ ತಂದರು. ಟಿಕೆಟ್ಟಿನ ಮೇಲೆ ತಂಡದ ಅಂಕಿಯೂ ಒಳಗೆ ಬಿಡುವ ಗಳಿಗೆಯೂ ಅಚ್ಚಾಗಿವೆ. ಆ ಗಳಿಗೆ ದಾಟಿದರೆ ಬಾಗಿಲು ತೆರೆಯುವುದಿಲ್ಲ, ಇನ್ನೊಂದು ರಜೆ ಮುಂದಿನ ಬೇಸಿಗೆಗೆ.

ಎಡವಟ್ಟಾಗುವುದು ಬಟ್ಟೆಯಿಂದ. ರಾಜನ ಮನೆಗೆ ಹೋಗುವಾಗ ಹಬ್ಬದ ಬಟ್ಟೆ ಹಾಕಬೇಕು ಎಂದು ಹೆಂಡತಿ ಅಫ್ರಾ ತೀರ್ಮಾನಿಸಿದ್ದಾರೆ. ಕ್ವಿರಿನ್‌ಗೆ ಕಸೂತಿಯ ಚರ್ಮದ ಚಡ್ಡಿ, ಕಾಡುಮೇಕೆಯ ಕೂದಲು ಸಿಕ್ಕಿಸಿದ ಟೋಪಿ. ಅಫ್ರಾಗೆ ಲಂಗದ ಮುಂದೆ ಕಟ್ಟುವ, ಮದುವೆಯ ರೇಷ್ಮೆ ಮುಂಗವಸ. ಉಳಿದವರೆಲ್ಲ ಮಳೆಕೋಟಿನಲ್ಲಿ ಹತ್ತುವ ದಾರಿಯಲ್ಲಿ ಈ ಮೂವರು ಮದುವೆ ದಿಬ್ಬಣದಂತೆ ಕಾಣುತ್ತಾರೆ.

ಮೊದಲ ತಿರುವಿನಲ್ಲೇ ಒಬ್ಬರು ಫೋಟೋ ಕೇಳುತ್ತಾರೆ. ಆಮೇಲೆ ಸಾಲೇ ನಿಲ್ಲುತ್ತದೆ. ಇವರು ಅರಮನೆಯ ಸಿಬ್ಬಂದಿ ಎಂದೇ ಎಲ್ಲರ ಲೆಕ್ಕ. ಒಬ್ಬ ಶೌಚಾಲಯ ಎಲ್ಲಿ ಎನ್ನುತ್ತಾನೆ, ಇನ್ನೊಬ್ಬಳು ಮಗುವನ್ನೇ ಕ್ವಿರಿನ್‌ರ ಕೈಗಿಟ್ಟು ಕ್ಯಾಮೆರಾ ಹುಡುಕುತ್ತಾಳೆ. ಕ್ವಿರಿನ್ ಪ್ರತಿಯೊಬ್ಬರಿಗೂ ನಿಂತು ದಾರಿ ತೋರಿಸುತ್ತಾರೆ. ಹೊತ್ತಾಯಿತು, ನಡಿ ಎಂದು ಅಫ್ರಾ ತಿವಿದರೆ, "ದಾರೀಲಿ ಕೇಳಿದೋರಿಗೆ ಹೇಳ್ದೆ ಹೆಂಗೇ ಹೋಗ್ಲಿ?" ಎನ್ನುತ್ತಾರೆ. ಹೀಗೆ ನಿಂತು ನಿಂತು ಕೊನೆಯ ತಿರುವಿಗೆ ಬಂದಾಗ ಬಾಗಿಲಿನ ಫಲಕದಲ್ಲಿ ಅವರ ತಂಡದ ಅಂಕಿ ಆಗಲೇ ಮಿನುಗುತ್ತಿದೆ. ಫ್ರೋನಿ ಫಲಕ ನೋಡುತ್ತಾಳೆ, ಟಿಕೆಟ್ ನೋಡುತ್ತಾಳೆ.

ಅವಳು ಅಳುವುದಿಲ್ಲ. ತಾತನ ಮುಂದೆ ಹೋಗಿ ಎರಡೂ ಕೈ ಅಗಲಿಸಿ ಜನರಿಗೆ ಅಡ್ಡ ನಿಲ್ಲುತ್ತಾಳೆ.

"ಇವ್ರು ಇಲ್ಲಿ ಕೆಲಸದೋರಲ್ಲ ಇವತ್ತು. ನಮ್ ತಾತ. ನಾವೂ ನೋಡಕ್ಕೇ ಬಂದಿರೋದು."

ಯಾರಿಗೆ ಎಷ್ಟು ಅರ್ಥವಾಯಿತೋ. ಆದರೆ ಜನ ಎರಡು ಪಾಲಾಗಿ ದಾರಿ ಬಿಡುತ್ತಾರೆ, ಯಾರೋ ಚಪ್ಪಾಳೆ ಶುರು ಮಾಡುತ್ತಾರೆ. ಆ ಚಪ್ಪಾಳೆಯ ನಡುವೆ ಅಫ್ರಾ ಲಂಗ ಎತ್ತಿಕೊಂಡು, ಕ್ವಿರಿನ್ ಸೊಂಟ ಹಿಡಿದುಕೊಂಡು, ಮೂವರೂ ಓಡುತ್ತಾರೆ. ಕೊನೆಯವರಾಗಿ ಒಳಗೆ ನುಗ್ಗುತ್ತಾರೆ, ಏದುಸಿರಿನಲ್ಲೇ ನಗುತ್ತ.

ಫ್ರೋನಿ ನಕ್ಷತ್ರ ಬರೆದ ಚಾವಣಿಯ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತಾಳೆ. ಕ್ವಿರಿನ್ ಸೇರುವುದು ಕಿಟಕಿಯನ್ನು. ಅವರ ದಾರಿ ಕಾಡಿನೊಳಗಿಂದ ಸುತ್ತಿಕೊಂಡು ಬರುವುದನ್ನು ಇಷ್ಟು ಎತ್ತರದಿಂದ ಅವರು ಕಂಡಿರಲಿಲ್ಲ. "ಚೆನ್ನಾಗದೆ ಕಣೇ," ಎಂದು ಹೆಂಡತಿಗೆ ಮೆಲ್ಲಗೆ ಹೇಳುತ್ತಾರೆ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಕುದುರೆಯೊಂದು ಬಾಲ ಎತ್ತುತ್ತದೆ. ಅವರು ಬಾಗಿಲ ಕಡೆ ತಿರುಗುತ್ತಾರೆ. ಅಫ್ರಾ ತೋಳು ಹಿಡಿದು ನಿಲ್ಲಿಸುತ್ತಾರೆ.

ಮಧ್ಯಾಹ್ನ ಇಳಿದು ಬರುವಾಗ ಲಾಯದ ಪಕ್ಕದ ಬಿಯರ್ ಅಂಗಳದಲ್ಲಿ ಗಾಡಿಯವರ ಬೆಂಚು ತುಂಬಿದೆ. ಇವರನ್ನು ಕಂಡು ಎಲ್ಲರೂ ತಿರುಗುತ್ತಾರೆ. ದಿನವೂ ಜನರನ್ನು ಬಾಗಿಲವರೆಗೆ ಹೊತ್ತು ಬಿಟ್ಟು ಬರುವ ಇಷ್ಟು ಜನರಲ್ಲಿ ಒಬ್ಬನೂ ಹೊಸ್ತಿಲು ದಾಟಿದವನಲ್ಲ. ಸಿಕ್ಸ್ಟುಸ್ ಸರಿದು ಜಾಗ ಮಾಡುತ್ತಾನೆ, ತನ್ನ ಲೋಟವನ್ನೇ ಮುಂದೆ ತಳ್ಳುತ್ತಾನೆ.

"ಕೂತ್ಕೋ ಮಾರಾಯ. ಹೇಳು, ಒಳಗೆ ಹೆಂಗದೆ? ಸಿಂಹಾಸನ ನಿಜವಾಗ್ಲೂ ಅದೆಯಾ?"

ಇಡೀ ಬೆಂಚು ಕತ್ತು ಚಾಚುತ್ತದೆ. ಕ್ವಿರಿನ್ ಟೋಪಿ ತೆಗೆದು ಎಲ್ಲರಿಗೂ ತಲೆ ಬಾಗುತ್ತಾರೆ. ಮತ್ತೆ ಇಟ್ಟುಕೊಂಡು, ಫ್ರೋನಿಯ ಕೈ ಹಿಡಿದು, ಸಿಳ್ಳೆ ಹಾಕುತ್ತ ಮನೆಯ ಕಡೆ ನಡೆಯುತ್ತಾರೆ.