ಕುಶಲಕ್ಕನ ಶನಿವಾರಗಳು

ಕುಶಲಕ್ಕ ನನ್ನ ಪಕ್ಕದ ಮನೆಯವಳು. ಬಿಜೈಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಎದೆಯೆತ್ತರದ ಕೆಂಪುಕಲ್ಲಿನ ಗೋಡೆಯೊಂದಿತ್ತು. ನಮ್ಮ ಮಾತುಕತೆಯೆಲ್ಲ ಆ ಗೋಡೆಯ ಮೇಲೆಯೇ ನಡೆಯುತ್ತಿತ್ತು. ಅವಳ ಬಗ್ಗೆ ಬರೆಯುವ ಅರ್ಹತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಅವಳ ಮಗಳು ಆಶಾಲತಾಳನ್ನು ಶಾಲೆಯಿಂದ ಬಿಡಿಸಿದವಳು ನಾನು. ಎರಡನೇ ಕ್ಲಾಸಿನಲ್ಲಿ ಆ ಹುಡುಗಿ ಪಕ್ಕದ ಮಗುವಿನ ಕೆನ್ನೆ ಕಚ್ಚಿ ರಕ್ತ ಬರಿಸಿದಳು. ಇವಳನ್ನು ಇಟ್ಟುಕೊಂಡು ಪಾಠ ಮಾಡಲು ಸಾಧ್ಯವಿಲ್ಲ ಎಂದು ಹೆಡ್‌ಮಿಸ್ಟ್ರೆಸ್‌ಗೆ ಬರೆದುಕೊಟ್ಟ ಬೆನಿಟಾ ಟೀಚರ್ ನಾನೇ. ಮರುದಿನ ಕುಶಲಕ್ಕ ಗೋಡೆಯ ಬಳಿ ಬಂದು, "ನಿಮ್ಮದು ತಪ್ಪಲ್ಲ ಟೀಚರ್. ನಲವತ್ತು ಮಕ್ಕಳನ್ನು ನೋಡ್ಬೇಕಲ್ಲ ನೀವು" ಎಂದಳು. ಆ ಮಾತಿಗಾಗಿ ನನಗೆ ಅವಳ ಮೇಲೆ ಬಹಳ ದಿನ ಸಿಟ್ಟಿತ್ತು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳು ವಾಮಂಜೂರಿನ ಕಡೆಯ ದೊಡ್ಡ ಬಂಟರ ಮನೆಯ ಹೆಣ್ಣು. ಭೂಮಸೂದೆ ಬಂದ ಮೇಲೆ ಗದ್ದೆಗಳು ಒಕ್ಕಲುಗಳ ಪಾಲಾದವು, ಠೀವಿ ಮಾತ್ರ ಮನೆಯಲ್ಲಿ ಉಳಿಯಿತು. ಗಂಡ ಮೋಹನದಾಸ ಬೊಂಬಾಯಿಯ ಹೋಟೆಲೊಂದರಲ್ಲಿ ಮ್ಯಾನೇಜರು. ವರ್ಷಕ್ಕೊಮ್ಮೆ ಬಂದು, ಮಗಳ ಕೂಗಾಟ ತಡೆಯಲಾರದೆ, ಹದಿನೈದು ದಿನದ ರಜೆಯನ್ನು ಎಂಟೇ ದಿನಕ್ಕೆ ಮುಗಿಸಿ ಓಡುವ ಆಸಾಮಿ. ಹಾಗಾಗಿ ಆ ಮನೆಯಲ್ಲಿ ಅಣ್ಣ ಸರ್ವೋತ್ತಮ ಶೆಟ್ಟರದೇ ಕೊನೆಯ ಮಾತು. ಬಂಟರಲ್ಲಿ ತಂಗಿಯ ಮಕ್ಕಳ ಮೇಲೆ ಸೋದರಮಾವನಿಗೆ ತಂದೆಗಿಂತ ಹೆಚ್ಚಿನ ಅಧಿಕಾರ. ಶೆಟ್ಟರು ಕೆಟ್ಟವರಲ್ಲ, ತಂಗಿ ಸವೆಯುವುದನ್ನು ನೋಡಲಾರದವರು. ಘಟ್ಟದ ಮೇಲೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮವೊಂದಿದೆ, ಅಲ್ಲಿ ಬಿಟ್ಟುಬಿಡೋಣ ಎಂದು ಎರಡು ವರ್ಷದಿಂದ ಹೇಳುತ್ತಿದ್ದರು. ಅವರೇ ಒಮ್ಮೆ ತಂಗಿಯನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿಯೂ ಬಂದಿದ್ದರು. ಅಲ್ಲಿ ಮಕ್ಕಳನ್ನು ಕಂಬಕ್ಕೆ ಕಟ್ಟಿಹಾಕಿದ್ದರಂತೆ.

"ನಾನು ಇರುವವರೆಗೆ ಅವಳನ್ನು ಯಾರೂ ಕಟ್ಟಬಾರ್ದು ಟೀಚರ್" ಎಂದು ಕುಶಲಕ್ಕ ಅಂದು ಸಂಜೆ ನನ್ನಲ್ಲಿ ಹೇಳಿದ್ದಳು.

ಶನಿವಾರದ ಕೂಟ ಶುರುವಾದದ್ದು ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ, ಎಪ್ಪತ್ತಾರರಲ್ಲಿ. ಕುಶಲಕ್ಕ ಆಶಾಳನ್ನು ತೋರಿಸಲು ಹೋದಾಗ ಕುದ್ರೋಳಿಯ ಹಬೀಬಾ ತನ್ನ ಮಗ ಸಮದ್‌ನನ್ನು ಹಿಡಿದುಕೊಂಡು ಅದೇ ಡಾಕ್ಟರಿಗಾಗಿ ಕಾಯುತ್ತಿದ್ದಳು. ಅವಳ ಗಂಡ ಯಾಹ್ಯಾ ದುಬೈಯಲ್ಲಿದ್ದ. ಹುಡುಗನಿಗೆ ಮಾತಿಲ್ಲ, ನೀರು ಕಂಡಲ್ಲಿಗೆ ಓಡುವ ಚಾಳಿ, ತಡೆದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಆ ದಿನವೂ ಬಡಿದುಕೊಳ್ಳತೊಡಗಿದ. ಹಬೀಬಾ ಅಳುತ್ತ ಅವನಿಗೆ ಹೊಡೆಯತೊಡಗಿದಳು. ಸಾಲಿನಲ್ಲಿದ್ದವರೆಲ್ಲ ಸಿನೆಮಾ ನೋಡಿದಂತೆ ನೋಡಿದರು. ಕುಶಲಕ್ಕ ಮಾತ್ರ ಎದ್ದುಹೋಗಿ ಹುಡುಗನನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಬೀಬಾಗೆ ಆಶಾಳನ್ನು ಒಪ್ಪಿಸಿ, "ನೀನು ನನ್ನದನ್ನು ಹಿಡ್ಕೊ" ಎಂದಳು. ಕಾಲು ಗಂಟೆಯಲ್ಲಿ ಇಬ್ಬರು ಮಕ್ಕಳೂ ತಣ್ಣಗಾದರು. ಬೇರೆಯವರ ಮಗುವಿನ ಮೇಲೆ ನಮಗೆ ಅಷ್ಟು ಬೇಗ ಸಿಟ್ಟು ಬರುವುದಿಲ್ಲ, ಅವಮಾನವೂ ಆಗುವುದಿಲ್ಲ. ಅಷ್ಟೇ ಅದರ ಗುಟ್ಟು.

ಅದೇ ಕೂಟದ ನಿಯಮವಾಯಿತು. ಶನಿವಾರ ಮಧ್ಯಾಹ್ನ ಏಳೆಂಟು ತಾಯಂದಿರು ಬೀಡಿಯ ಎಲೆ, ಕತ್ತರಿ, ಮೊರ ಹಿಡಿದುಕೊಂಡು, ಮಕ್ಕಳನ್ನೂ ಕರೆದುಕೊಂಡು ಕುಶಲಕ್ಕನ ಜಗಲಿಗೆ ಬರುತ್ತಿದ್ದರು. ಅವರ ಕೈ ಬೀಡಿ ಕಟ್ಟುತ್ತಿರುವಾಗ ತಾನು ಸುಮ್ಮನೆ ಕುಳಿತರೆ ಚೆನ್ನಾಗಿರುವುದಿಲ್ಲವೆಂದು ಕುಶಲಕ್ಕನೂ ಬೀಡಿ ಕಟ್ಟಲು ಕಲಿತಳು. ಅಣ್ಣನಿಗೆ ಗೊತ್ತಾದರೆ ಎದೆ ಒಡೆಯುತ್ತಿತ್ತು. ಯಾವ ಮಗು ರಂಪ ಹಿಡಿದರೂ ಅದರ ತಾಯಿ ಕುಳಿತಲ್ಲಿಂದ ಏಳುವಂತಿಲ್ಲ, ಇನ್ನೊಬ್ಬಳು ಏಳಬೇಕು. ಹೊಸದಾಗಿ ಬಂದ ಹೆಂಗಸರಿಗೆ ಇದು ಮಹಾ ಕಷ್ಟ. ಕೈ ಹಿಸುಕಿಕೊಂಡು ಕೂರುತ್ತಿದ್ದರು. "ಕೇಳ್ಲಿಕ್ಕೆ ನಾಚಿಕೆ ಎಂತಕ್ಕೆ? ನಾವಿರುವುದು ಮತ್ತೆ ಎಂತಕ್ಕೆ?" ಎಂದು ಕುಶಲಕ್ಕ ಅವರನ್ನು ಗದರಿಸುತ್ತಿದ್ದಳು. ಯಾರ ಮನೆಯಲ್ಲಿ ಮದುವೆಯಿರಲಿ, ಬಾಣಂತನವಿರಲಿ, ಅವರ ಮಗು ಅಂದು ಅವಳ ಮನೆಯಲ್ಲಿ. ಆದರೆ ಆಶಾಳನ್ನು ಅವಳು ಒಂದು ಗಂಟೆ ಕೂಡ ಯಾರ ಮನೆಯಲ್ಲೂ ಬಿಟ್ಟದ್ದು ನಾನು ಕಂಡಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ತಾನು ಮಾತ್ರ ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಇದನ್ನು ನಾನು ದೊಡ್ಡ ಗುಣ ಎಂದುಕೊಂಡಿದ್ದೆ. ನನ್ನ ದಡ್ಡತನ.

ಎಪ್ಪತ್ತೊಂಬತ್ತರ ನವೆಂಬರಿನಲ್ಲಿ ವಾಮಂಜೂರಿನಲ್ಲಿ ಅವಳ ತಾಯಿ ತೀರಿಕೊಂಡರು. "ನನಗೆ ಸೂತಕ ಉಂಟು, ಅದು ಕಳೆಯುವವರೆಗೆ ಯಾರೂ ಬರುವುದು ಬೇಡ" ಎಂದು ಕುಶಲಕ್ಕ ಎಲ್ಲರಿಗೂ ಹೇಳಿಕಳಿಸಿದಳು. ಹದಿಮೂರನೇ ದಿನ ಬೊಜ್ಜ, ಅಂದರೆ ಉತ್ತರಕ್ರಿಯೆಯ ಊಟ. ಅಲ್ಲಿಯವರೆಗೆ ಸೂತಕ ಎಂಬುದು ಉಳಿದ ಹೆಂಗಸರಿಗೆ ಹೇಳದೆಯೇ ಗೊತ್ತಿತ್ತು. ಹಬೀಬಾಗೆ ಗೊತ್ತಿರಲಿಲ್ಲ. ಅವಳಂಥ ಬ್ಯಾರಿ ಮುಸ್ಲಿಮರಲ್ಲಿ ಸಾವಿನ ಮನೆಯ ದುಃಖಾಚರಣೆ ಮೂರು ದಿನ. ಮೊದಲ ಶನಿವಾರ ಸಮದ್‌ಗೆ ಜ್ವರ ಬಂದದ್ದರಿಂದ ಅವಳು ಬರಲಿಲ್ಲ. ಎರಡನೆಯದಕ್ಕೆ ಹೊರಟಳು. ಅದೇ ಬೊಜ್ಜದ ದಿನ.

ಬೊಜ್ಜಕ್ಕೆ ಊರಿನ ಹಿರಿಯರೆಲ್ಲ ಬರುತ್ತಾರೆ, ಆಶಾಳನ್ನು ಕರೆತರಬೇಡ ಎಂದು ಶೆಟ್ಟರು ತಂಗಿಗೆ ಮೊದಲೇ ಹೇಳಿದ್ದರು. "ಹಬೀಬಾ ಬಂದು ಕೂತ್ಕೊಳ್ತಾಳೆ" ಎಂದು ಕುಶಲಕ್ಕ ಉತ್ತರ ಕೊಟ್ಟಿದ್ದಳು. ಹಬೀಬಾಗೆ ಮಾತ್ರ ಒಂದಕ್ಷರ ಹೇಳಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಆ ಶನಿವಾರ ಹನ್ನೆರಡೂವರೆಗೆ ಶಾಲೆ ಬಿಟ್ಟು ನಾನು ಮನೆಗೆ ಬಂದೆ. ಪಕ್ಕದ ಮನೆಯಿಂದ ಆಶಾಳ ಕೂಗು ಕೇಳುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಯಾರಾದರೂ ಒಳಗಿರಬೇಕು, ಹಿಂದಿನ ಬಾಗಿಲಿಂದ ಓಡಾಡುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ರೇಡಿಯೋದ ಸ್ವರ ಜೋರು ಮಾಡಿದೆ. ಒಂದೂವರೆಯ ಹೊತ್ತಿಗೆ ಕೂಗು ನಿಂತಿತು. ಅಬ್ಬ, ಮುಗಿಯಿತಲ್ಲ ಎಂದು ತಟ್ಟೆಗೆ ಅನ್ನ ಬಡಿಸಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎರಡು ತುತ್ತು ತಿಂದಿರಲಿಲ್ಲ, ಹಬೀಬಾಳ ದನಿ ಕೇಳಿತು. "ಟೀಚರ್, ಇಲ್ಲಿ ಬನ್ನಿ. ಬೇಗ ಬನ್ನಿ."

ಎಂಜಲು ಕೈಯಲ್ಲೇ ಓಡಿದೆ. ಅವಳು ಕೋಣೆಯ ಕಿಟಕಿಯ ಹೊರಗೆ ನಿಂತಿದ್ದಳು. ಒಳಗೆ, ಕಿಟಕಿಯ ಸರಳಿನ ಮೇಲ್ತುದಿಗೆ ಹಳೆಯ ನೂಲಿನ ಸೀರೆಯೊಂದರ ತುದಿಯನ್ನು ಬಿಗಿದಿತ್ತು, ಇನ್ನೊಂದು ತುದಿ ಆಶಾಳ ಸೊಂಟಕ್ಕೆ. ಚಾಪೆಯವರೆಗೆ ಓಡಾಡುವಷ್ಟು ಉದ್ದ ಬಿಟ್ಟು, ಅನ್ನ, ನೀರು ಇಟ್ಟು ಹೋಗಿದ್ದಳು ತಾಯಿ. ಹುಡುಗಿ ತಳಮಳವಾದಾಗ ನಿಂತಲ್ಲೇ ಗಿರಗಿರ ಸುತ್ತುವವಳು. ಸುತ್ತಿದಷ್ಟೂ ಸೀರೆ ಮೈಗೆ ಸುತ್ತಿಕೊಂಡು ಗಿಡ್ಡವಾಗುತ್ತ ಬಂದಿತ್ತು. ಈಗ ಅವಳ ಬೆನ್ನು ಸರಳಿಗೆ ಅಂಟಿತ್ತು, ಕೊನೆಯ ಸುತ್ತು ಕುತ್ತಿಗೆಗೆ ಬಿದ್ದಿತ್ತು. ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಮುಖ ಕಪ್ಪಾಗಿತ್ತು.

"ಜನ ಕರೀತೇನೆ, ಬೀಗ ಒಡೀಲಿ" ಎಂದೆ.

"ಬೇಡ. ಜನ ಸೇರಿದ್ರೆ ಕುಶಲಕ್ಕನ ಅಣ್ಣನಿಗೆ ಗೊತ್ತಾಗ್ತದೆ, ನಾಳೆಯೇ ಇವಳನ್ನು ಸಾಗಿಸ್ತಾರೆ. ನೀವು ಸಮದ್‌ನನ್ನು ಹಿಡ್ಕೊಳ್ಳಿ, ಬಾವಿ ಉಂಟು ಅಲ್ಲಿ. ನನ್ನಿಂದ ಆಗದಿದ್ರೆ ಆಮೇಲೆ ಕರೀರಿ."

ಅವಳು ಚೀಲದಿಂದ ಬೀಡಿ ಎಲೆಯ ಕತ್ತರಿ ತೆಗೆದಳು. ಎಡಗೈಯನ್ನು ಸರಳುಗಳ ನಡುವೆ ತೂರಿಸಿ ಸೀರೆಗೂ ಕುತ್ತಿಗೆಗೂ ನಡುವೆ ಒತ್ತಿ ಸೇರಿಸಿದಳು. ಯಾರು ಮುಟ್ಟಿದರೂ ಕಚ್ಚುವ ಹುಡುಗಿ ಆ ಕೈಯನ್ನು ಬಿಡುತ್ತಾಳೆಯೇ? ಮಣಿಕಟ್ಟಿನ ಮೇಲೆ ಹಲ್ಲು ಊರಿದಳು. "ಕಚ್ಚು ಮಗಾ, ಕಚ್ಚು. ಅಲ್ಲಾಡ್ಬೇಡ ಆಯ್ತಾ" ಎನ್ನುತ್ತ ಹಬೀಬಾ ಬಲಗೈಯಿಂದ ಕತ್ತರಿಸತೊಡಗಿದಳು. ಎಲೆ ಕತ್ತರಿಸುವ ಸಣ್ಣ ಕತ್ತರಿ, ನಾಲ್ಕಾರು ಪದರದ ಬಟ್ಟೆ. ನಾನು ಸಮದ್‌ನ ಎರಡೂ ಕೈ ಹಿಡಿದು ನಿಂತಿದ್ದೆ. ಅವನು ಬಾವಿಯ ಕಡೆಗೆ ಜಗ್ಗುತ್ತಿದ್ದ. ಒಂದು ಪದರ ಹರಿಯಿತು, ಇನ್ನೊಂದು. ಹಬೀಬಾಳ ಕೈಯಿಂದ ರಕ್ತ ಗೋಡೆಗೆ ಇಳಿಯಿತು. ನಾನು ಮನಸ್ಸಿನಲ್ಲೇ ನಮ್ಮ ಇಗರ್ಜಿಯ ಮಾತೆಯನ್ನು ಕರೆದೆ. ಕೊನೆಯ ಪದರ ಕಿತ್ತುಬಂದು ಹುಡುಗಿ ಕೆಳಗೆ ಬಿದ್ದಳು. ಸದ್ದಿಲ್ಲ. ಆಮೇಲೆ ಕೆಮ್ಮಿದಳು, ಉಸಿರೆಳೆದಳು, ಊರು ಹಾರುವಂತೆ ಕಿರುಚಿದಳು. ಆ ಕಿರುಚಾಟ ಕೇಳಿ ನಾನು ಅಳತೊಡಗಿದೆ.

ಹಬೀಬಾ ಅಲ್ಲಿಂದ ಕದಲಲಿಲ್ಲ. ಕೈಗೆ ನನ್ನ ಕರವಸ್ತ್ರ ಕಟ್ಟಿಕೊಂಡು, ಸರಳಿನ ಒಳಗೆ ಒಂದೊಂದೇ ಬೀಡಿ ಎಲೆ ಹಾಕುತ್ತ ಕುಳಿತಳು. ಆಶಾ ಅವನ್ನು ಹರಿದು ಹರಿದು ರಾಶಿ ಮಾಡುತ್ತ ಸುಮ್ಮನಾದಳು.

ಮೂರೂಕಾಲಿಗೆ ಶೆಟ್ಟರ ಕಾರು ಬಂತು. ಒಂದು ಗಂಟೆಗೆಲ್ಲ ಮರಳುವ ಲೆಕ್ಕದಲ್ಲಿ ಹೋದವಳನ್ನು, ಊಟ ಮುಗಿಯಲಿ ನಾನೇ ಬಿಡುತ್ತೇನೆ ಎಂದು ಅಣ್ಣ ಕೂರಿಸಿಕೊಂಡಿದ್ದರು. ಮಗುವನ್ನು ಕಟ್ಟಿಹಾಕಿದ್ದೇನೆ ಎಂದು ಅಲ್ಲಿ ಯಾವ ಬಾಯಲ್ಲಿ ಹೇಳುತ್ತಾಳೆ? ಕುಶಲಕ್ಕ ಕಿಟಕಿಯ ಬಳಿ ಹಬೀಬಾಳನ್ನು ಕಂಡು ನಿಂತಲ್ಲೇ ನಿಂತಳು.

ಶೆಟ್ಟರು ಬಾಗಿಲ ಬೀಗ ನೋಡಿದರು, ಹೊರಗೆ ಕುಳಿತ ಹಬೀಬಾಳನ್ನು, ಅವಳ ಕೈಯನ್ನು, ಸರಳಿನಲ್ಲಿ ಜೋಲುವ ಸೀರೆಯ ಚೂರನ್ನು ನೋಡಿದರು. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

"ಬೀಗ ನಾನು ಹಾಕಿದ್ದು ಶೆಟ್ರೇ" ಎಂದಳು ಹಬೀಬಾ.

"ಕೀ ನನ್ನ ಹತ್ರ ಉಂಟು" ಎಂದಳು ಕುಶಲಕ್ಕ. "ಕಟ್ಟಿದ್ದೂ ನಾನೇ."

ಶೆಟ್ಟರು ದನಿ ಏರಿಸಲಿಲ್ಲ. "ಅಲ್ಲಿಯೂ ಕಟ್ತಾರೆ ಅಂತ ನೀನು ಬೇಡ ಹೇಳಿದ್ದಲ್ವಾ ಕುಶಲಾ? ಅಲ್ಲಿ ಕಟ್ಟಿದ್ರೆ ನೋಡ್ಲಿಕ್ಕೆ ಒಬ್ಬ ಇರ್ತಾನೆ. ನಾಳೆ ಬೆಳಿಗ್ಗೆ ಏಳಕ್ಕೆ ಕಾರು ತರ್ತೇನೆ. ಬಟ್ಟೆಬರೆ ಕಟ್ಟಿಡು."

ಕುಶಲಕ್ಕ ಹೂಂ ಎಂಬಂತೆ ತಲೆಯಾಡಿಸಿದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದ ನನಗೆ ಅದನ್ನು ನೋಡಲಾಗಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಮಗಳ ಕುತ್ತಿಗೆಯ ಬರೆ ಮುಟ್ಟಿ ನೋಡಿ, ನಿಜಕ್ಕೂ ಫ್ರಾಕುಗಳನ್ನು ಮಡಚತೊಡಗಿದಳು.

ಹಬೀಬಾ ಹೊಸ್ತಿಲಲ್ಲಿ ನಿಂತಳು. "ನನಗೆ ಯಾಕೆ ಹೇಳ್ಲಿಲ್ಲ ಕುಶಲಕ್ಕ?"

"ನಾನೇ ಕೇಳ್ಲಿಕ್ಕೆ ಶುರು ಮಾಡಿದ್ರೆ ನೀವೆಲ್ಲ ಯಾರನ್ನು ನಂಬಿ ಬರುವುದು?"

"ನಾನೂ ಸಮದ್‌ನ ಕಾಲು ಮಂಚಕ್ಕೆ ಕಟ್ತಿದ್ದೆ. ನಿಮ್ಮನ್ನು ಕಾಣುವ ಮೊದಲು, ಮೂರು ವರ್ಷ. ನೀವು ಎಂದೂ ಕಟ್ಟಿರ್ಲಿಕ್ಕಿಲ್ಲ ಅಂತ ಎಣಿಸಿ ನಾನೂ ಬಾಯಿ ಬಿಡ್ಲಿಲ್ಲ. ನಾಳೆಯದ್ದು ನಾಳೆ. ಇವತ್ತು ಆಶಾ ನನ್ನ ಮನೆಗೆ ಬರ್ಲಿ. ನೀವು ನಿದ್ದೆ ಮಾಡಿ."

ಶೆಟ್ಟರು ಜಗಲಿಯಿಂದಲೇ ಕೇಳಿದರು. "ಅಮ್ಮನ ಬೊಜ್ಜದ ದಿನ ನಮ್ಮ ಮನೆಯ ಹೆಣ್ಣುಮಗು ಬ್ಯಾರಿಗಳ ಮನೆಯಲ್ಲಿ ಮಲಗುವುದಾ?"

ಫ್ರಾಕು ಹಿಡಿದ ಕೈ ನಿಂತಿತು. "ಅಣ್ಣ, ನಿಮ್ಮ ಮನೆಯಲ್ಲಿ ಮಲಗಿಸ್ತೀರಾ? ಒಂದೇ ರಾತ್ರಿ."

ಶೆಟ್ಟರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ "ಏಳಕ್ಕೆ ಬರ್ತೇನೆ" ಎಂದಷ್ಟೇ ಹೇಳಿ ಕಾರು ಹತ್ತಿದರು.

ಕುಶಲಕ್ಕ ಹಬೀಬಾಳ ಕಡೆ ತಿರುಗಿದಳು. ಮಾತು ಹೊರಡಿಸಲು ಅವಳು ಪಟ್ಟ ಕಷ್ಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದಳು.

ರಿಕ್ಷಾ ಹತ್ತಿಸುವಾಗ ಆಶಾ ಬೊಬ್ಬೆ ಹೊಡೆದಳು, ಸೀಟಿಗೆ ಒದ್ದಳು. ಕುಶಲಕ್ಕ ಜಗಲಿಯ ಕಂಬ ಹಿಡಿದುಕೊಂಡು ನಿಂತಳು. ನಾನು ಹೋಗಿ ಆ ಕೈಯ ಮೇಲೆ ನನ್ನ ಕೈ ಇಟ್ಟೆ, ಅವಳು ಇಳಿದು ಓಡದಂತೆ. ಮೊದಲ ಸಲ ನನಗೆ, ತಾಯಿ ಏಳಬಾರದೆಂಬ ಆ ನಿಯಮ ಎಷ್ಟು ಕಠಿಣವೆಂದು ಅರ್ಥವಾಯಿತು. ರಿಕ್ಷಾ ಹೋದ ಮೇಲೆ ಹೇಳಿಬಿಟ್ಟೆ. "ಕುಶಲಕ್ಕ, ನಾನು ಹನ್ನೆರಡೂವರೆಯಿಂದ ಕೇಳ್ತಾ ಇದ್ದೆ. ರೇಡಿಯೋ ಜೋರು ಮಾಡಿದೆ."

ಈ ಸಲ ಅವಳು ನಿಮ್ಮದು ತಪ್ಪಲ್ಲ ಎನ್ನಲಿಲ್ಲ. ನನ್ನನ್ನು ನೋಡಿದಳು, ಒಳಗೆ ಹೋಗಿ ಮಲಗಿದಳು.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಾರು ಬಂತು. ನಾನು ಆರೂವರೆಯಿಂದಲೇ ಅವಳ ಜಗಲಿಯಲ್ಲಿ ಕುಳಿತಿದ್ದೆ, ಭಾನುವಾರದ ಪೂಜೆಗೆ ಇಗರ್ಜಿಗೂ ಹೋಗದೆ. ಶೆಟ್ಟರು ಮೆಟ್ಟಿಲು ಹತ್ತಿ ಬಾಗಿಲು ತಟ್ಟಲು ಕೈ ಎತ್ತಿದರು.

"ಅವಳು ಮಲಗಿದ್ದಾಳೆ" ಎಂದೆ. "ನಿನ್ನೆ ಸಂಜೆ ಐದಕ್ಕೆ ಮಲಗಿದವಳು ಇನ್ನೂ ಎದ್ದಿಲ್ಲ."

"ಮಗು?"

"ಕುದ್ರೋಳಿಯಲ್ಲಿ. ಹತ್ತಕ್ಕೆ ನಾನು ಹೋಗಿ ಕರ್ಕೊಂಡು ಬರ್ತೇನೆ. ಸಂಜೆಯವರೆಗೆ ನನ್ನ ಮನೆಯಲ್ಲಿ ಇರ್ತಾಳೆ. ಕಚ್ಚಿದ್ರೆ ಕಚ್ಚಲಿ."

ಕಿಟಕಿಯಿಂದ ಕುಶಲಕ್ಕನ ಗೊರಕೆ ಕೇಳುತ್ತಿತ್ತು, ದುಡಿದು ದಣಿದ ಗಂಡಸರ ಗೊರಕೆ. ಶೆಟ್ಟರು ಎತ್ತಿದ ಕೈ ಇಳಿಸಿ ತಂಗಿಯ ಆ ಸದ್ದನ್ನು ಕೇಳುತ್ತ ನಿಂತರು. ಆಮೇಲೆ ಮೆಲ್ಲನೆ ಮೆಟ್ಟಿಲಿಳಿದು ಗೇಟಿನ ತನಕ ನಡೆದುಹೋಗಿ, ಡ್ರೈವರನ ಕಿವಿಯ ಬಳಿ ಬಗ್ಗಿ, "ಇಂಜಿನ್ ಬಂದ್ ಮಾಡು ಮಾರಾಯ, ಅವಳಿಗೆ ಎಚ್ಚರ ಆಗ್ತದೆ" ಎಂದರು.