ಊರು ಕೇಳದ ಟೇಪ್ ರೆಕಾರ್ಡರ್

ಆ ಟೇಪ್ ರೆಕಾರ್ಡರ್ ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಫೋನಿನಲ್ಲಿ ತರಿಸಿದ್ದು. ಬೆಳ್ಳಿ ಬಣ್ಣ, ಮುಂದೆ ನೀಲಿ ದೀಪ, ಮೇಲೊಂದು ಹಿಡಿ. ನೋಡಲು ಮದುಮಗನ ಹಾಗೆ ಮಿಂಚುತ್ತಿತ್ತು, ಹಾಳಾದ್ದು.

ನಮ್ಮವ್ವ ಸೋಬಾನೆ ಹೇಳುತ್ತಿದ್ದಳು. ನಮ್ಮೂರು ಗುರುಪುರದ ಸುತ್ತಮುತ್ತ ಯಾರ ಮನೆ ಮುಂದೆ ಚಪ್ಪರ ಎದ್ದರೂ ಅವಳಿಗೆ ಕರೆ ಬರುತ್ತಿತ್ತು. ಅಕ್ಕನ ಮದುವೆಯಲ್ಲಿ ನೆಂಟರೊಬ್ಬರು ಅವಳ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಅವಳ ಧ್ವನಿ ಅಂತ ಈ ಭೂಮಿ ಮೇಲೆ ಉಳಿದದ್ದು ಅದೊಂದೇ. ನನ್ನ ಮಗಳ ಮದುವೆಯ ಚಪ್ಪರದ ದಿನ ಅದನ್ನು ಹಾಕಿಸಬೇಕು ಅಂತ ನನ್ನ ಆಸೆ.

ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರವೇ ಇರಲಿಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಟೇಪು, ಸ್ಪೀಕರು ಮಾರಿ ರಿಪೇರಿಯನ್ನೂ ಮಾಡುವ ಸಾಬರ ಅಂಗಡಿಗೆ ಮಗಳ ಜೊತೆ ಹೋದೆ. ಅವರು ಕ್ಯಾಸೆಟ್ ಮುಟ್ಟುವ ಮೊದಲೇ ಕೇಳಿದರು:

"ಯಾವೂರಕ್ಕ?"

ನನಗೆ ಅಲ್ಲೇ ರೇಗಿತು. ಹೆಣ್ಣು ನೋಡಲು ಬಂದವರ ಹಾಗೆ ಊರು ಕೇಳುತ್ತಾರಲ್ಲ ಅಂತ. ಹೇಳಿದೆ. ಕ್ಯಾಸೆಟ್ಟನ್ನು ಮೂಗಿನ ಹತ್ತಿರ ಹಿಡಿದರು.

"ಒಗೆಸೊಪ್ಪು ಬೆಳೀತೀರಾ?"

"ಊಂ."

"ಇದ್ನೂ ಸೊಪ್ಪಿನ ಜೊತೇಲೇ ಮಡಗಿದ್ರಾ?"

ಹೌದು, ಅಟ್ಟದ ಮೇಲೆ, ಮೂಟೆಗಳ ಪಕ್ಕದ ಟ್ರಂಕಿನಲ್ಲಿ.

"ಅಂಟು ಕೂತದೆ ಅಕ್ಕ. ಯಾವ ಮಿಷನ್ನಿಗೂ ಆಕ್ಬೇಡಿ. ಬಿಚ್ಚಿ, ಒರೆಸಿ, ಕೈಯಲ್ಲೇ ಸುತ್ತಬೇಕು. ಒಂದು ವಾರ ಬುಡಿ."

ಅವರು ಊರು ಕೇಳುವುದು ಯಾಕೆ ಅಂತ ನನಗೆ ತಿಳಿದದ್ದು ಆಮೇಲೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಕ್ಯಾಸೆಟ್ಟಾದರೆ ಹೊಗೆಸೊಪ್ಪಿನ ಅಂಟು. ಕೆ.ಆರ್. ನಗರ, ಸಾಲಿಗ್ರಾಮದ ನಾಲೆ ಬಯಲಿನದಾದರೆ ಬೂಷ್ಟು. ಎಚ್.ಡಿ. ಕೋಟೆಯ ಕಾಡಂಚಿನಿಂದ ಆಂಪ್ಲಿಫೈಯರ್ ಬಂದರೆ ಕರೆಂಟಿನ ಏರಿಳಿತಕ್ಕೆ ಏನು ಸುಟ್ಟಿದೆ ಅಂತ ಮೊದಲು ನೋಡುತ್ತಾರೆ. ಊರು ಗೊತ್ತಾದರೆ ಅವರಿಗೆ ಅರ್ಧ ರಿಪೇರಿ ಆದ ಹಾಗೆ.

ಚಪ್ಪರಕ್ಕೆ ಉಳಿದದ್ದು ನಾಲ್ಕೇ ದಿನ. ಮಗಳು ಅಂಗಡಿಯ ಮುಂದೆಯೇ ಫೋನು ತೆಗೆದಳು. "ಒಂದು ವಾರ ಯಾಕೆ ಕಾಯ್ಬೇಕು? ನಾಳಿದ್ದೇ ಹೊಸಾದು ಬತ್ತದೆ ಕಣವ್ವ." ನಾನು ಕ್ಯಾಸೆಟ್ ವಾಪಸ್ ಕೇಳಿದೆ. ಸಾಬರು ಕೊಡುತ್ತಾ ಮತ್ತೆ ಹೇಳಿದರು, "ಆಕ್ಬೇಡಿ ಅಕ್ಕ." ವ್ಯಾಪಾರ ಕೈತಪ್ಪಿತಲ್ಲ ಅಂತ ಹೊಟ್ಟೆಯುರಿ ಅಂದುಕೊಂಡೆ. ಅಂಥ ಕೆಟ್ಟ ಬುದ್ಧಿ ನನಗೆ ಎಲ್ಲಿಂದ ಬಂತೋ ಕಾಣೆ.

ಫೋನು ಕೇಳಿದ್ದು ಪಿನ್ ಕೋಡು ಒಂದೇ. ಅಟ್ಟದ ಮೇಲೆ ಏನು ಒಣಗಿಸಿಟ್ಟಿದ್ದೀರಿ ಅಂತ ಅದು ಯಾಕೆ ಕೇಳೀತು? ಡಬ್ಬ ಬಂತು. ಜಗುಲಿ ಮೇಲೆ ಕೂತು ಹಾಕಿದೆವು. ಅವ್ವ ಹಾಡಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮದುಮಕ್ಕಳನ್ನು ಹಸೆಗೆ ಕರೆಯುವ ಪದ ಮುಗಿಯುತ್ತಿದ್ದ ಹಾಗೆ ಅವಳ ಧ್ವನಿ ಎಮ್ಮೆ ಕೂಗಿದಂತೆ ಎಳೆಯಿತು, ಕರಕರ ಅಂದಿತು, ನಿಂತಿತು. ಯಂತ್ರದ ಬಾಗಿಲು ತೆಗೆದರೆ ಟೇಪು ಕರುಳು ಬಂದ ಹಾಗೆ ಈಚೆ ಬಂತು.

ಕಂಪನಿಗೆ ಫೋನ್ ಮಾಡಿದೆ. "ಚಿಂತೆ ಮಾಡ್ಬೇಡಿ ಮೇಡಂ, ಬೇರೆ ಪೀಸ್ ಕಳಿಸ್ತೀವಿ" ಅಂದಳು ಒಬ್ಬ ಹುಡುಗಿ.

"ನಮ್ಮವ್ವನ್ನೂ ಬೇರೆ ಕಳಿಸ್ತೀಯೇನವ್ವ?"

ಮೇಲಿನವರನ್ನು ಕೇಳುತ್ತೇನೆ ಅಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವಳದೇನು ತಪ್ಪು? ಬೈಸಿಕೊಳ್ಳಬೇಕಾದವಳು ಫೋನಿನ ಈಚೆ ಕಡೆ ಇದ್ದಳು.

ಮಾರನೆಯ ದಿನ ಸಾಬರ ಅಂಗಡಿಗೇ ಹೋಗಿ ನಿಂತೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಟೇಪನ್ನು ಬೆಳಕಿಗೆ ಹಿಡಿದು ನೋಡಿ, "ಎರಡು ಮೊಳ ಪೂರ್ತಿ ಜಜ್ಜೋಗದೆ. ಅಷ್ಟು ಕತ್ತರಿಸ್ಲೇಬೇಕು. ಮಿಕ್ಕಿದ್ದು ಉಳಿಸ್ಕೊಡ್ತೀನಿ" ಅಂದರು.

ಅವರು ಹೇಳಿದಂತೆ ಒಂದು ವಾರವೇ ಹಿಡಿಯಿತು. ಚಪ್ಪರದ ದಿನ ಸಿನಿಮಾ ಹಾಡುಗಳು ಕಿರುಚಿದವು. ಮಗಳು ಗಂಡನ ಮನೆಗೆ ಹೋದ ಮೇಲೆ ಕ್ಯಾಸೆಟ್ ತಂದೆ, ಜೊತೆಗೆ ಸಾಬರು ತಮ್ಮದೇ ಹಳೆಯ ಟೇಪ್ ರೆಕಾರ್ಡರನ್ನೂ ಕೊಟ್ಟು ಕಳಿಸಿದ್ದರು. ಅವ್ವ ಹಸೆಗೆ ಕರೆಯುತ್ತಾಳೆ, ಒಂದೇ ನೆಗೆತಕ್ಕೆ ಆರತಿಗೆ ಬಂದುಬಿಡುತ್ತಾಳೆ. ನಡುವೆ ಮೂರೋ ನಾಲ್ಕೋ ಸಾಲು ಇಲ್ಲ. ಅವಳೇ ಕಟ್ಟಿಕೊಂಡು ಹೇಳುತ್ತಿದ್ದ ಸಾಲುಗಳು, ಬೇರೆ ಯಾರ ಬಾಯಲ್ಲೂ ಇಲ್ಲ. ನೆನಪು ಮಾಡಿಕೊಂಡೆ, ಬರಲಿಲ್ಲ. ಇಷ್ಟು ವರ್ಷ ಕೇಳಿದ ಕಿವಿಗೆ ಬೆಂಕಿ ಬೀಳ. ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಲು ಧೈರ್ಯ ಬರಲಿಲ್ಲ.

"ಹಸೆ ಪದ ಆದ್ಮೇಲೆ ಅವ್ವ ಏನು ಹೇಳ್ತಿದ್ಲಕ್ಕ?"

ಅಕ್ಕ ಮೆಲ್ಲಗೆ ಹಾಡುತ್ತಾ ಬಂದಳು. ಅಲ್ಲಿಗೇ ಬಂದು ನಿಂತಳು. ಮತ್ತೆ ಮೊದಲಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು.

"ಮರ್ತೋಯ್ತು ಕಣೆ" ಅಂದಳು. "ಕ್ಯಾಸೆಟ್ಟಲ್ಲಿ ಐತಲ್ಲ, ಆಕ್ಕೊಂಡು ಕೇಳು."